ಎರಡು ನೀಲಿ ಅಂಗಿಗಳ ನಡುವೆ

2023ರ ಮಾರ್ಚ್ 3, ಶುಕ್ರವಾರ ರಾತ್ರಿ. ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಇಂಡಿಯನ್ ಸೂಪರ್ ಲೀಗ್‌ನ (ಐಎಸ್‌ಎಲ್) ನಾಕೌಟ್ ಪಂದ್ಯ ಗೋಲಿಲ್ಲದೆ ಹೆಚ್ಚುವರಿ ಸಮಯಕ್ಕೆ ಹೋಗಿತ್ತು. 96ನೇ ನಿಮಿಷದಲ್ಲಿ ಬೆಂಗಳೂರಿಗೊಂದು ಫ್ರೀ ಕಿಕ್ ಸಿಕ್ಕಿತು. ಎದುರಾಳಿಗಳು ಗೋಡೆ ಕಟ್ಟಿ ನಿಲ್ಲುವ ಮೊದಲೇ ಸುನಿಲ್ ಚೆಟ್ರಿ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲೆಂದರು. ಬ್ಲಾಸ್ಟರ್ಸ್ ತಂಡ ಪ್ರತಿಭಟಿಸಿ ಅಂಗಳ ಬಿಟ್ಟು ಹೊರನಡೆಯಿತು, ಮತ್ತೆ ಒಳಗೆ ಬರಲಿಲ್ಲ. ಬೆಂಗಳೂರು ಸೆಮಿಫೈನಲ್ ತಲುಪಿತು.

ಮರುದಿನ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಇನ್ನೊಂದು ಪಂದ್ಯ ನಡೆಯಿತು. ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. 1968–69ರಲ್ಲಿ ಮೈಸೂರು ರಾಜ್ಯದ ಹೆಸರಿನಲ್ಲಿ ಗೆದ್ದ ಮೇಲೆ ಆ ಕಪ್ ನಮ್ಮ ರಾಜ್ಯಕ್ಕೆ ಬಂದದ್ದು ಅಂದೇ, 54 ವರ್ಷಗಳ ನಂತರ.

ನಾಲ್ಕು ತಿಂಗಳು ಕಳೆದು ಜುಲೈ 4. ಮತ್ತೆ ಕಂಠೀರವ. ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಭಾರತ ಕುವೈತ್ ವಿರುದ್ಧ 1–1ರಿಂದ ಸಮ ಮಾಡಿಕೊಂಡು, ಪೆನಾಲ್ಟಿಯಲ್ಲಿ 5–4ರಿಂದ ಗೆದ್ದಿತು.

ಕ್ಲಬ್ಬು, ರಾಜ್ಯ, ದೇಶ. ಮೂರೂ ತಂಡಗಳ ಸಂಭ್ರಮ ಒಂದೇ ವರ್ಷದಲ್ಲಿ ಬೆಂಗಳೂರಿನ ಅಭಿಮಾನಿಯ ಪಾಲಿಗೆ ಬಂತು. ಆದರೆ ಮೂರಕ್ಕೂ ಸಿಕ್ಕ ಗಮನ ಒಂದೇ ಆಗಿರಲಿಲ್ಲ. ಶುಕ್ರವಾರದ ಫ್ರೀ ಕಿಕ್ ಬಗ್ಗೆ ವಾರಗಟ್ಟಲೆ ವಾದ ನಡೆಯಿತು. ಜುಲೈ 4ರ ರಾತ್ರಿಯ ವಿಡಿಯೊಗಳು ದೇಶವನ್ನೆಲ್ಲ ಸುತ್ತಿದವು. ನಡುವಿನ ಆ ಶನಿವಾರ ಕರ್ನಾಟಕ ಗೆದ್ದದ್ದು ಎಷ್ಟೋ ಜನಕ್ಕೆ ಗೊತ್ತೇ ಆಗಲಿಲ್ಲ. ನಾವು ಯಾವ ತಂಡವನ್ನು ಯಾವಾಗ ಹಿಂಬಾಲಿಸುತ್ತೇವೆ, ಯಾವುದನ್ನು ಮರೆಯುತ್ತೇವೆ, ಆ ಮರೆವಿನ ಬೆಲೆ ಏನು? ಹುಣಸಮಾರನಹಳ್ಳಿಯಲ್ಲಿ ಕುಳಿತು ಈ ಎರಡು ನೀಲಿ ತಂಡಗಳನ್ನು, ಬೆಂಗಳೂರು ಎಫ್‌ಸಿಯನ್ನೂ ಭಾರತವನ್ನೂ, ಬಹುಕಾಲದಿಂದ ನೋಡುತ್ತ ಬಂದ ನನಗೆ ಈ ಪ್ರಶ್ನೆ ಈಗ ಬಹಳ ಮುಖ್ಯ ಅನ್ನಿಸುತ್ತಿದೆ.

ಬಳ್ಳಾರಿ ರಸ್ತೆಯ ಅಭಿಮಾನಿಗಳು

ವಿಮಾನ ನಿಲ್ದಾಣಕ್ಕೆ ಹೋಗುವವರು ಯಲಹಂಕ ವಾಯುನೆಲೆ ದಾಟಿದ ಮೇಲೆ ಕಿಟಕಿಯಲ್ಲಿ ಕಂಡು ಮರೆಯುವ ಊರು ನಮ್ಮದು. ಒಂದು ಕಾಲಕ್ಕೆ ದ್ರಾಕ್ಷಿ ತೋಟಗಳ ಸೀಮೆ. ಈಗ ಸರ್ ಎಂ. ವಿಶ್ವೇಶ್ವರಯ್ಯ ತಾಂತ್ರಿಕ ಮಹಾವಿದ್ಯಾಲಯ, ದಂತ ವೈದ್ಯಕೀಯ ಕಾಲೇಜು, ಪಿಜಿಗಳು, ಅಪಾರ್ಟ್‌ಮೆಂಟುಗಳು, ರಸ್ತೆಯುದ್ದಕ್ಕೂ ಮೆಟ್ರೊ ನೀಲಿ ಮಾರ್ಗದ ಕಾಮಗಾರಿ. ಕಾಲೇಜಿಗೆ ಬರುವ ಹುಡುಗರಲ್ಲಿ ಕೇರಳದವರು, ಬಂಗಾಳದವರು, ಈಶಾನ್ಯ ರಾಜ್ಯದವರು ಇದ್ದಾರೆ. ಒಬ್ಬೊಬ್ಬರೂ ತಮ್ಮೂರಿನ ತಂಡವನ್ನು ಜೊತೆಗೇ ತಂದಿರುತ್ತಾರೆ. ಸಂಜೆ ಟೀ ಅಂಗಡಿಯ ಮುಂದೆ ಹಳದಿ ಜೆರ್ಸಿಯ ಬ್ಲಾಸ್ಟರ್ಸ್ ಅಭಿಮಾನಿ, ಕೆಂಪು–ಬಂಗಾರ ಬಣ್ಣದ ಈಸ್ಟ್ ಬೆಂಗಾಲ್ ಅಭಿಮಾನಿ, ನೀಲಿ ಜೆರ್ಸಿಯ ನಮ್ಮ ಹುಡುಗ ಒಟ್ಟಿಗೆ ನಿಂತು ಮಾತಾಡುವುದನ್ನು ಕಾಣಬಹುದು. ಮಧ್ಯರಾತ್ರಿ ದಾಟಿದರೆ ಇದೇ ಹುಡುಗರು ಪಿಜಿಯ ಕೋಣೆಯಲ್ಲಿ ಒಂದೇ ಮೊಬೈಲಿನ ಸುತ್ತ ಕುಳಿತು ರಿಯಲ್ ಮ್ಯಾಡ್ರಿಡ್, ಬಾರ್ಸಿಲೋನಾ, ಮ್ಯಾಂಚೆಸ್ಟರ್ ಎನ್ನುತ್ತಾರೆ.

ಇಲ್ಲಿಂದ ಕಂಠೀರವಕ್ಕೆ ಹೋಗುವುದು ಸುಲಭದ ಮಾತಲ್ಲ. ಏಳೂವರೆಯ ಪಂದ್ಯಕ್ಕೆ ಬಿಸಿಲಿರುವಾಗಲೇ ಬಸ್ಸು ಹತ್ತಬೇಕು. ಕೊಡಿಗೇಹಳ್ಳಿ, ಹೆಬ್ಬಾಳದ ಮೇಲ್ಸೇತುವೆ, ಮೇಖ್ರಿ ವೃತ್ತ, ಎಲ್ಲ ಕಡೆಯೂ ವಾಹನಗಳ ಸಾಲು. ಪಂದ್ಯ ಮುಗಿಯುವ ಹೊತ್ತಿಗೆ ಒಂಬತ್ತೂವರೆ. ಹೆಚ್ಚುವರಿ ಸಮಯಕ್ಕೆ ಹೋದರೆ ಬಸ್ಸಿನ ಚಿಂತೆ. ಅಷ್ಟಾದರೂ ಹೋಗುತ್ತೇವೆ. ಮನೆಯ ಟಿ.ವಿ.ಯಲ್ಲಿ ಕ್ಯಾಮೆರಾ ತೋರಿಸಿದಷ್ಟೇ ಕಾಣುತ್ತದೆ. ಅಂಗಳದಲ್ಲಿ ಚೆಂಡಿಲ್ಲದ ಆಟಗಾರನೂ ಕಾಣುತ್ತಾನೆ. ರಕ್ಷಣಾ ಆಟಗಾರ ಕೈಯೆತ್ತಿ ತನ್ನ ಸಾಲನ್ನು ಮುಂದಕ್ಕೆ ಕರೆಯುವುದು, ಗೋಲ್‌ಕೀಪರ್ ಗಂಟಲು ಹರಿದುಕೊಂಡು ಎಚ್ಚರಿಸುವುದು, ಬದಲಿ ಆಟಗಾರ ಗೆರೆಯಾಚೆ ಮೈ ಬಿಸಿ ಮಾಡಿಕೊಳ್ಳುತ್ತ ಕೋಚ್‌ನತ್ತ ನೋಡುವುದು, ಇವನ್ನೆಲ್ಲ ಅಲ್ಲೇ ನೋಡಬೇಕು. ಆಟ ಅರ್ಥವಾಗುವುದು ಅಲ್ಲಿ.

ಸಂತೆಯೂ ಜಾತ್ರೆಯೂ

ಕ್ಲಬ್ಬು ವಾರದ ಸಂತೆ ಇದ್ದಂತೆ, ದೇಶದ ತಂಡ ವರ್ಷದ ಜಾತ್ರೆ. ಜಾತ್ರೆಗೆ ಎಲ್ಲರೂ ಬರುತ್ತಾರೆ, ಹೊಸಬಟ್ಟೆ ಹಾಕುತ್ತಾರೆ, ಆ ದಿನದ ಗುಂಗೇ ಬೇರೆ. ಊರಿನ ಒಲೆ ಉರಿಯುವುದು ಮಾತ್ರ ಸಂತೆಯಿಂದ.

ಭಾರತ ತಂಡ ಬೆಂಗಳೂರಿಗೆ ಅಪರೂಪಕ್ಕೆ ಬರುತ್ತದೆ. 2015ರಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ಒಮಾನ್ ಮತ್ತು ಇರಾನ್ ಎದುರು ಕಂಠೀರವದಲ್ಲಿ ಸೋತದ್ದನ್ನು ನೋಡಿದ್ದೇವೆ. 2017ರ ಜೂನ್‌ನಲ್ಲಿ ಕಿರ್ಗಿಸ್ತಾನದ ವಿರುದ್ಧ ಚೆಟ್ರಿ ಹೊಡೆದ ಒಂದೇ ಗೋಲಿನಿಂದ ಗೆದ್ದದ್ದನ್ನು, ಅದೇ ವರ್ಷದ ಅಕ್ಟೋಬರ್ 11ರಂದು ಮಕಾವ್ ತಂಡವನ್ನು 4–1ರಿಂದ ಸೋಲಿಸಿ 2019ರ ಏಷ್ಯನ್ ಕಪ್‌ಗೆ ಅರ್ಹತೆ ಪಡೆದದ್ದನ್ನೂ ನೋಡಿದ್ದೇವೆ. ಒಂದು ಪಂದ್ಯಕ್ಕೂ ಇನ್ನೊಂದಕ್ಕೂ ನಡುವೆ ತಿಂಗಳುಗಳು, ಒಮ್ಮೊಮ್ಮೆ ವರ್ಷಗಳು. ಆಟಗಾರರು ಬದಲಾಗಿರುತ್ತಾರೆ, ಕೋಚ್ ಬದಲಾಗಿರುತ್ತಾರೆ. ಪ್ರೀತಿ ಇದ್ದರೂ ಒಡನಾಟ ಬೆಳೆಯಲು ಬಿಡುವೇ ಸಿಗುವುದಿಲ್ಲ.

ಒಡನಾಟ ಬೆಳೆಯುವುದು ಕ್ಲಬ್ಬಿನ ಜೊತೆ. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರ ಜುಲೈನಲ್ಲಿ, ಜೆಎಸ್‌ಡಬ್ಲ್ಯು ಸಮೂಹದ ಒಡೆತನದಲ್ಲಿ. ಮೊದಲ ಋತುವಿನಲ್ಲಿ ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವೇ ಅದರ ಮನೆ. ಕೋಚ್ ಆ್ಯಷ್ಲೆ ವೆಸ್ಟ್‌ವುಡ್. ಆ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. 2015–16ರಲ್ಲಿ ಮತ್ತೊಮ್ಮೆ. ಎರಡು ಸಲ ಫೆಡರೇಷನ್ ಕಪ್, 2018ರಲ್ಲಿ ಸೂಪರ್ ಕಪ್, 2022ರಲ್ಲಿ ಡುರಾಂಡ್ ಕಪ್. ಕ್ರೀಡಾಂಗಣದ ಪಶ್ಚಿಮ ಭಾಗದಿಂದ ಹೆಸರು ಪಡೆದ ವೆಸ್ಟ್ ಬ್ಲಾಕ್ ಬ್ಲೂಸ್ ಅಭಿಮಾನಿ ಬಳಗ ಆಗಿನಿಂದ ತೊಂಬತ್ತು ನಿಮಿಷವೂ ನಿಂತೇ ಡ್ರಮ್ ಬಾರಿಸುತ್ತ, ಹಾಡುತ್ತ ಬಂದಿದೆ. ಪಕ್ಕದಲ್ಲಿ ನಿಂತವರ ಊರು, ಕೆಲಸ, ಭಾಷೆ ಯಾವುದೂ ಅಲ್ಲಿ ಕೇಳಬೇಕಾಗಿಲ್ಲ. ಎಲ್ಲೆಲ್ಲಿಂದಲೋ ಬಂದು ನೆಲೆಸಿದ ಜನರ ಈ ನಗರದಲ್ಲಿ ‘ನಮ್ಮದು’ ಎಂದು ಒಟ್ಟಿಗೆ ಕೂಗುವುದಕ್ಕೆ ಜಾಗಗಳು ಬಹಳ ಇಲ್ಲ. ಇದು ಅಂಥದೊಂದು ಜಾಗ.

ಗೆಲುವಿನಷ್ಟೇ ಸೋಲೂ ಅಭಿಮಾನಿಯನ್ನು ಕಟ್ಟುತ್ತದೆ. 2016ರ ಅಕ್ಟೋಬರ್ 19ರಂದು ಮಲೇಷ್ಯಾದ ಜೊಹರ್ ದಾರುಲ್ ತಜೀಮ್ ತಂಡವನ್ನು ಕಂಠೀರವದಲ್ಲಿ 3–1ರಿಂದ ಮಣಿಸಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದಾಯಿತು. ದೋಹಾದ ಫೈನಲ್‌ನಲ್ಲಿ ಇರಾಕಿನ ವಾಯುಪಡೆ ತಂಡದೆದುರು 0–1ರ ಸೋಲು. 2018ರ ಮಾರ್ಚ್ 17ರಂದು ನಮ್ಮದೇ ಅಂಗಳದಲ್ಲಿ ಐಎಸ್‌ಎಲ್ ಫೈನಲ್. ಲೀಗ್ ಹಂತದಲ್ಲಿ ಎಂಟು ಅಂಕಗಳ ಅಂತರದಿಂದ ಅಗ್ರಸ್ಥಾನದಲ್ಲಿದ್ದ ತಂಡ, ಒಂಬತ್ತನೇ ನಿಮಿಷದಲ್ಲೇ ಚೆಟ್ರಿ ಗೋಲು, ಆದರೂ ಚೆನ್ನೈಯಿನ್ ಎದುರು 2–3ರ ಸೋಲು. ಆ ರಾತ್ರಿ ಕಸ್ತೂರಬಾ ರಸ್ತೆಯಲ್ಲಿ ಸಾವಿರಾರು ಜನ ಮಾತಿಲ್ಲದೆ ನಡೆದರು. ಸರಿಯಾಗಿ ಒಂದು ವರ್ಷಕ್ಕೆ, 2019ರ ಮಾರ್ಚ್ 17ರಂದು, ಮುಂಬೈಯಲ್ಲಿ ಗೋವಾ ವಿರುದ್ಧ 117ನೇ ನಿಮಿಷದಲ್ಲಿ ರಾಹುಲ್ ಭೇಕೆ ತಲೆಯಿಂದ ಹೊಡೆದ ಗೋಲು ಕಪ್ ತಂದಿತು. ಹಿಂದಿನ ವರ್ಷ ಅತ್ತವರಿಗಷ್ಟೇ ಆ ಗೋಲಿನ ತೂಕ ಪೂರ್ತಿ ತಿಳಿದಿತ್ತು. 2023 ಮತ್ತು 2025ರ ಫೈನಲ್‌ಗಳಲ್ಲಿ ಕೋಲ್ಕತ್ತದ ತಂಡದೆದುರು ಸೋತದ್ದನ್ನೂ ಹೀಗೇ ಎದೆಯಲ್ಲಿಟ್ಟುಕೊಂಡಿದ್ದೇವೆ. ಅದು ಮುಂದೊಂದು ದಿನದ ಗೆಲುವಿಗೆ ನಾವು ಕಟ್ಟುತ್ತಿರುವ ಕಂತು.

ಹಳದಿ ಕೊಟ್ಟ ಪಾಸು

ಕ್ಲಬ್ಬಿನ ಪ್ರೀತಿಗೆ ಒಂದು ಅಪಾಯವೂ ಇದೆ. ಎದುರಾಳಿಯನ್ನು ಶತ್ರುವೆಂದು ಕಾಣಲು ಅದು ಬೇಗ ಕಲಿಸುತ್ತದೆ. ಮಾರ್ಚ್ 2023ರ ಆ ಫ್ರೀ ಕಿಕ್ ನಂತರ ಎರಡೂ ಕಡೆಯಿಂದ ಬಂದ ಮಾತುಗಳಲ್ಲಿ ಕೆಲವು ಹೇಳಬಾರದವು, ಕೇಳಬಾರದವು. ಅಂಗಳ ಬಿಟ್ಟು ಹೋದದ್ದಕ್ಕೆ ಬ್ಲಾಸ್ಟರ್ಸ್‌ಗೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ನಾಲ್ಕು ಕೋಟಿ ರೂಪಾಯಿ ದಂಡ ಹಾಕಿತು. ಅವರ ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ. ಗಾಯ ಎರಡೂ ಕಡೆ ಹಸಿಯಾಗಿಯೇ ಇತ್ತು.

ಅಂಥ ಹೊತ್ತಿನಲ್ಲಿ ಸ್ಯಾಫ್ ಟೂರ್ನಿ ಬೆಂಗಳೂರಿಗೆ ಬಂತು. ಜೂನ್ 21ರ ಮೊದಲ ಪಂದ್ಯದಲ್ಲಿ ಪಾಕಿಸ್ತಾನದ ವಿರುದ್ಧ 4–0, ಚೆಟ್ರಿಯದು ಹ್ಯಾಟ್ರಿಕ್. ಸೆಮಿಫೈನಲ್‌ನಲ್ಲಿ ಲೆಬನಾನ್ ವಿರುದ್ಧ ಪೆನಾಲ್ಟಿ ಗೆಲುವು. ಫೈನಲ್‌ನಲ್ಲಿ ಕುವೈತ್ ಮೊದಲು ಗೋಲು ಹೊಡೆಯಿತು. 38ನೇ ನಿಮಿಷದಲ್ಲಿ ಸಹಲ್ ಅಬ್ದುಲ್ ಸಮದ್ ಪೆಟ್ಟಿಗೆಯೊಳಗೆ ಅಡ್ಡಕ್ಕೆ ಕೊಟ್ಟ ಚೆಂಡನ್ನು ಲಾಲಿಯನ್‌ಜುವಾಲ ಛಾಂಗ್ಟೆ ಬಲೆಗೆ ತಳ್ಳಿದರು. ಆ ದಿನಕ್ಕೆ ಸಹಲ್ ಬ್ಲಾಸ್ಟರ್ಸ್ ಆಟಗಾರ, ಛಾಂಗ್ಟೆ ಮುಂಬೈ ಸಿಟಿಯವರು. ಪೆನಾಲ್ಟಿಯಲ್ಲಿ ಕೊನೆಯ ಹೊಡೆತ ತಡೆದ ಗುರ್‌ಪ್ರೀತ್ ಸಿಂಗ್ ಸಂಧು ಬೆಂಗಳೂರು ಎಫ್‌ಸಿಯವರು. ನಾಲ್ಕು ತಿಂಗಳ ಹಿಂದೆ ಹಳದಿ ಬಣ್ಣ ಕಂಡರೆ ಕೆರಳುತ್ತಿದ್ದ ಸ್ಟ್ಯಾಂಡುಗಳು ಸಹಲ್ ಕೊಟ್ಟ ಪಾಸಿಗೆ ಎದ್ದು ನಿಂತು ಕೂಗಿದವು. ಕೊನೆಗೆ ಇಡೀ ಕ್ರೀಡಾಂಗಣ ಒಂದೇ ದನಿಯಲ್ಲಿ ವಂದೇ ಮಾತರಂ ಹಾಡಿತು.

ದೇಶದ ತಂಡವನ್ನು ಪ್ರೀತಿಸಲು ಇದಕ್ಕಿಂತ ದೊಡ್ಡ ಕಾರಣ ನನಗೆ ಬೇಡ. ವಾರವಾರ ಯಾರ ವಿರುದ್ಧ ಕೂಗುತ್ತೇವೋ ಅವರ ಆಟದ ಸೊಗಸನ್ನು ಒಪ್ಪಿಕೊಳ್ಳುವಂತೆ ಅದು ಮಾಡುತ್ತದೆ. ಕ್ಲಬ್ಬಿನ ಹಟವನ್ನು ಹದದಲ್ಲಿಡಲು ದೇಶದ ತಂಡ ಬೇಕು, ದೇಶದ ತಂಡಕ್ಕೆ ಜೀವ ತುಂಬಲು ಕ್ಲಬ್ಬು ಬೇಕು.

ಕ್ಲಬ್ಬುಗಳಿದ್ದಾಗ ದೇಶದ ತಂಡದಲ್ಲಿ ನಾವಿದ್ದೆವು

ಈ ಮಾತಿಗೆ ಬೆಂಗಳೂರಿನ ಚರಿತ್ರೆಯೇ ಸಾಕ್ಷಿ. 1937ರಲ್ಲಿ ಮುಂಬೈಯ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಆ ಕಪ್ ಗೆದ್ದ ಮೊದಲ ಭಾರತೀಯ ನಾಗರಿಕ ತಂಡ. ಅಲ್ಲಿಯವರೆಗೆ ಅದು ಬ್ರಿಟಿಷ್ ಸೇನಾ ತಂಡಗಳ ಸ್ವತ್ತಿನಂತಿತ್ತು. ಮರುವರ್ಷವೂ ನಮ್ಮವರೇ ಗೆದ್ದರು. ದಂಡು ಪ್ರದೇಶದ ಮೈದಾನಗಳಲ್ಲಿ, ಹಲಸೂರು, ಆಸ್ಟಿನ್ ಟೌನ್, ಶಿವಾಜಿನಗರದ ಗಲ್ಲಿಗಳಲ್ಲಿ ಸೈನಿಕರ ಆಟ ನೋಡಿ, ಬರಿಗಾಲಲ್ಲಿ ಕಲಿತ ಹುಡುಗರು ಅವರು.

ಸ್ವತಂತ್ರ ಭಾರತ 1948ರ ಲಂಡನ್ ಒಲಿಂಪಿಕ್ಸ್‌ಗೆ ಹೋದಾಗ ತಂಡದಲ್ಲಿ ಬೆಂಗಳೂರಿನ ಆಟಗಾರರ ಗುಂಪೇ ಇತ್ತು. ಫ್ರಾನ್ಸ್ ವಿರುದ್ಧ 1–2ರಿಂದ ಸೋತ ಆ ಪಂದ್ಯದಲ್ಲಿ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಅದು. ಅದೇ ತಂಡದ ಅಹ್ಮದ್ ಖಾನ್ 1952ರ ಒಲಿಂಪಿಕ್ಸ್‌ನಲ್ಲೂ ಆಡಿದರು, 1951ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದರು. ಕೋಲ್ಕತ್ತದ ಈಸ್ಟ್ ಬೆಂಗಾಲ್ ಅಭಿಮಾನಿಗಳು ಪಂಚಪಾಂಡವರೆಂದು ಕರೆದ ಐವರು ಮುಂಚೂಣಿ ಆಟಗಾರರಲ್ಲಿ ಅಹ್ಮದ್ ಖಾನ್ ಮತ್ತು ಧನರಾಜ್ ಇಬ್ಬರೂ ಇಲ್ಲಿನವರು. ಭಾರತ ನಾಲ್ಕನೇ ಸ್ಥಾನ ಪಡೆದ 1956ರ ಮೆಲ್ಬರ್ನ್ ಒಲಿಂಪಿಕ್ಸ್ ತಂಡದಲ್ಲಿ ಕೆಂಪಯ್ಯ ಇದ್ದರು. 1962ರಲ್ಲಿ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಸೋಲಿಸಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿ ಅರುಮೈನಾಯಗಂ ಇದ್ದರು.

ಆಮೇಲೆ ಎಚ್‌ಎಎಲ್, ಐಟಿಐ, ಎಲ್‌ಆರ್‌ಡಿಇ, ಎಂಇಜಿ, ಎಎಸ್‌ಸಿಯಂಥ ಕಾರ್ಖಾನೆ, ಇಲಾಖೆ, ಸೇನೆಯ ತಂಡಗಳು ಆಟವನ್ನು ಹೊತ್ತು ನಡೆಸಿದವು. ಚೆನ್ನಾಗಿ ಆಡುವ ಹುಡುಗನಿಗೆ ಖಾಯಂ ನೌಕರಿ ಸಿಗುತ್ತಿತ್ತು, ಮನೆಯವರು ಆಡಲು ಬಿಡುತ್ತಿದ್ದರು. ನೇಮಕಾತಿ ಕುಗ್ಗುತ್ತ ಹೋದಂತೆ ಆ ದಾರಿ ಸಣ್ಣದಾಯಿತು. ಆಸ್ಟಿನ್ ಟೌನಿನ ಕಾರ್ಲ್ಟನ್ ಚಾಪ್‌ಮನ್ 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ವಿರುದ್ಧ ಹ್ಯಾಟ್ರಿಕ್ ಹೊಡೆದರು, ಮುಂದೆ ಭಾರತ ತಂಡದ ನಾಯಕರೂ ಆದರು. ಆದರೆ ಅವರು ಹೆಸರು ಮಾಡಲು ಕೋಲ್ಕತ್ತ, ಪಂಜಾಬುಗಳಿಗೆ ಹೋಗಬೇಕಾಯಿತು. 2020ರ ಅಕ್ಟೋಬರ್‌ನಲ್ಲಿ 49ನೇ ವಯಸ್ಸಿಗೇ ಅವರು ತೀರಿಕೊಂಡಾಗ ಅವರ ಹೆಸರನ್ನು ಮೊದಲ ಸಲ ಕೇಳಿದ ಹುಡುಗರು ನಮ್ಮ ನಡುವೆ ಇದ್ದರು. ಗೌತಮಪುರದಲ್ಲಿ ಮಾತ್ರ ಈ ನೆನಪು ಮಾಸಿಲ್ಲ. ಅಂಬೇಡ್ಕರ್, ಬುದ್ಧರ ಪ್ರತಿಮೆಗಳ ಜೊತೆ ಪೆಲೆ ಪ್ರತಿಮೆಯನ್ನೂ ನಿಲ್ಲಿಸಿಕೊಂಡ ಬಡಾವಣೆ ಅದು.

ಊರಿನಲ್ಲಿ ಕ್ಲಬ್ಬುಗಳು ಗಟ್ಟಿಯಾಗಿದ್ದಾಗ ದೇಶದ ತಂಡದಲ್ಲಿ ನಮ್ಮೂರಿನವರು ಇದ್ದರು. ಕ್ಲಬ್ಬುಗಳು ಸೊರಗಿದಾಗ ಅವರೂ ಕಾಣೆಯಾದರು. ಇದು ಒಂದು ಊರಿಗಷ್ಟೇ ಅನ್ವಯಿಸುವ ಮಾತಲ್ಲ.

99ರಿಂದ 142ಕ್ಕೆ

2023ರ ಜುಲೈನಲ್ಲಿ ಭಾರತ ಫಿಫಾ ಪಟ್ಟಿಯಲ್ಲಿ 99ನೇ ಸ್ಥಾನದಲ್ಲಿತ್ತು. 2025ರ ನವೆಂಬರ್‌ನಲ್ಲಿ 142ಕ್ಕೆ ಇಳಿಯಿತು. ನಡುವಿನ ಕಾಲ ಅಭಿಮಾನಿಗೆ ಕಹಿಯಾದದ್ದು. 2024ರ ಜನವರಿಯ ಏಷ್ಯನ್ ಕಪ್‌ನಲ್ಲಿ ಮೂರು ಪಂದ್ಯ, ಮೂರೂ ಸೋಲು, ಒಂದು ಗೋಲೂ ಇಲ್ಲ. ಅದೇ ವರ್ಷದ ಜೂನ್ 6ರಂದು ಕೋಲ್ಕತ್ತದಲ್ಲಿ ಕುವೈತ್ ವಿರುದ್ಧ ಗೋಲಿಲ್ಲದ ಡ್ರಾ, ಚೆಟ್ರಿ ವಿದಾಯ. ಐದು ದಿನಕ್ಕೆ ದೋಹಾದಲ್ಲಿ ಕತಾರ್ ಎದುರು 1–2ರ ಸೋಲು. ಗೆರೆ ದಾಟಿದ್ದ ಚೆಂಡನ್ನು ಒಳಗೆಳೆದು ಹೊಡೆದ ಗೋಲನ್ನು ರೆಫರಿ ಒಪ್ಪಿದ ಪಂದ್ಯ ಅದು. ಅಲ್ಲಿಗೆ ವಿಶ್ವಕಪ್ ಅರ್ಹತೆಯ ಮೂರನೇ ಸುತ್ತಿನ ಬಾಗಿಲು ಮುಚ್ಚಿತು. 2026ರ ವಿಶ್ವಕಪ್ 48 ತಂಡಗಳಿಗೆ ಹಿಗ್ಗಿ ಏಷ್ಯಾಕ್ಕೆ ಎಂಟು ನೇರ ಸ್ಥಾನ ಸಿಕ್ಕಿತ್ತು. ಉಜ್ಬೇಕಿಸ್ತಾನ, ಜೋರ್ಡಾನ್ ಮೊದಲ ಬಾರಿಗೆ ಅರ್ಹತೆ ಪಡೆದವು. ನಾವು ಏಷ್ಯಾದ ಕೊನೆಯ 18ರಲ್ಲೂ ಇರಲಿಲ್ಲ. ಚೆಟ್ರಿ 2025ರ ಮಾರ್ಚ್‌ನಲ್ಲಿ ನಿವೃತ್ತಿ ಮುರಿದು ಮರಳಿದರೂ, ಅಕ್ಟೋಬರ್ 14ರಂದು ಗೋವಾದಲ್ಲಿ ಸಿಂಗಪುರದೆದುರು ಸೋತು 2027ರ ಏಷ್ಯನ್ ಕಪ್ಪೂ ಕೈತಪ್ಪಿತು.

ನಲವತ್ತು ದಾಟಿದ ಆಟಗಾರನನ್ನು ಮತ್ತೆ ಕರೆಯಬೇಕಾದದ್ದೇ ಈ ಕುಸಿತದ ಕಾರಣವನ್ನು ಹೇಳುತ್ತದೆ. ಕ್ಲಬ್ಬುಗಳಲ್ಲಿ ಗೋಲು ಹೊಡೆಯುವ ಜಾಗವನ್ನು ಬಹುಪಾಲು ವಿದೇಶಿ ಆಟಗಾರರಿಗೆ ಕೊಟ್ಟು, ದೇಶದ ತಂಡಕ್ಕೆ ಸ್ಟ್ರೈಕರ್ ಇಲ್ಲ ಎಂದು ಹುಡುಕಿದರೆ ಎಲ್ಲಿಂದ ಬರಬೇಕು?

ಅದೇ ವರ್ಷ ಕ್ಲಬ್ಬುಗಳ ಬುಡವೂ ಅಲುಗಾಡಿತು. ಫೆಡರೇಷನ್ ಮತ್ತು ಲೀಗ್ ನಡೆಸುತ್ತಿದ್ದ ಸಂಸ್ಥೆಯ ನಡುವೆ 2010ರಲ್ಲಿ ಆಗಿದ್ದ 15 ವರ್ಷಗಳ ಒಪ್ಪಂದ 2025ರ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನೆಂದು ತೀರ್ಮಾನವಾಗದೆ ಜುಲೈನಲ್ಲಿ ಐಎಸ್‌ಎಲ್ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಫೆಬ್ರುವರಿ 14ರಿಂದ 14 ತಂಡಗಳ, 91 ಪಂದ್ಯಗಳ ಚಿಕ್ಕ ಲೀಗ್ ನಡೆಯುವುದೆಂದು ಕೇಂದ್ರ ಕ್ರೀಡಾ ಸಚಿವರು ಪ್ರಕಟಿಸಿದ್ದು 2026ರ ಜನವರಿ 6ರಂದು. ದೇಶದ ಅತಿ ದೊಡ್ಡ ಲೀಗ್ ತಿಂಗಳುಗಟ್ಟಲೆ ಇಲ್ಲವಾದಾಗ ದೇಶದ ತಂಡ ಸೋತದ್ದು ಆಶ್ಚರ್ಯವಲ್ಲ. ಪಂದ್ಯವಾಡದ ಕಾಲು ಪಂದ್ಯ ಗೆಲ್ಲುವುದಿಲ್ಲ.

ಕತ್ತಲೆಯ ಆ ವರ್ಷದಲ್ಲಿ ಬೆಳಕು ತಂದವರು ಹೆಣ್ಣುಮಕ್ಕಳು. 2025ರ ಜುಲೈ 5ರಂದು ಥಾಯ್ಲೆಂಡ್ ನೆಲದಲ್ಲೇ ಆ ದೇಶವನ್ನು 2–1ರಿಂದ ಸೋಲಿಸಿ, ಸಂಗೀತಾ ಬಾಸ್ಫೋರ್ ಅವರ ಎರಡು ಗೋಲುಗಳ ಬಲದಿಂದ, ಭಾರತ 2026ರ ಮಹಿಳಾ ಏಷ್ಯನ್ ಕಪ್‌ಗೆ ಅರ್ಹತೆ ಗಳಿಸಿತು. ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ 2022–23ರ ಮಹಿಳಾ ಲೀಗ್‌ನಲ್ಲಿ ರನ್ನರ್ಸ್ ಅಪ್ ಆಗಿತ್ತು. ‘ದೇಶದ ತಂಡ’ ಎನ್ನುವಾಗ ಗಂಡಸರ ತಂಡವನ್ನು ಮಾತ್ರ ನೆನೆಯುವ ಅಭ್ಯಾಸವನ್ನು ನಾವು ಬಿಡಬೇಕು.

ಅಭಿಮಾನಿ ಮಾಡಬಹುದಾದದ್ದು

ನಮ್ಮ ಬಳ್ಳಾರಿ ರಸ್ತೆಯ ಆಸುಪಾಸಿನಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆ ಕೊಡುವ ಟರ್ಫ್‌ಗಳು ಎದ್ದಿವೆ. ಯಲಹಂಕದ ಸಮೀಪ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಲ್ಲಿ ಒಳ್ಳೆಯ ಫುಟ್‌ಬಾಲ್ ಅಂಗಳವಿದೆ. ಮಕ್ಕಳು ಆಡುತ್ತಿದ್ದಾರೆ. ಅಲ್ಲೊಬ್ಬ ಹುಡುಗ ಬೂಟಿನ ಲೇಸು ಬಿಚ್ಚುತ್ತ ನನ್ನನ್ನು ಕೇಳಿದ್ದ, ‘ಅಂಕಲ್, ಇಂಡಿಯಾ ವರ್ಲ್ಡ್ ಕಪ್ ಆಡೋದು ಯಾವಾಗ?’ ‘ನೀನು ಆಡೋ ಕ್ಲಬ್ಬು ಚೆನ್ನಾಗಿ ನಡೆದಾಗ ಮರಿ’ ಎಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದಲ್ಲ, ನಂಬಿಯೇ ಹೇಳಿದ್ದು. 2024ರ ಸೆಪ್ಟೆಂಬರ್‌ನಲ್ಲಿ ಐಎಸ್‌ಎಲ್‌ನ ತನ್ನ ಮೊದಲ ಪಂದ್ಯದಲ್ಲೇ ಈಸ್ಟ್ ಬೆಂಗಾಲ್ ವಿರುದ್ಧ ಗೆಲುವಿನ ಗೋಲು ಹೊಡೆದ ವಿನೀತ್ ವೆಂಕಟೇಶ್ ಬೆಂಗಳೂರಿನ ಹುಡುಗ. ಅಂಥವರು ಇನ್ನೂ ಬರಬೇಕಾದರೆ ಕೆಳಗಿನ ಮೆಟ್ಟಿಲುಗಳು ಗಟ್ಟಿಯಾಗಿರಬೇಕು.

2018ರ ಜೂನ್‌ನಲ್ಲಿ ಮುಂಬೈಯಲ್ಲಿ ಎರಡೂವರೆ ಸಾವಿರದಷ್ಟೇ ಜನರೆದುರು ಆಡಿದ ಚೆಟ್ರಿ, ಬೈಯುವುದಕ್ಕಾದರೂ ಕ್ರೀಡಾಂಗಣಕ್ಕೆ ಬನ್ನಿ ಎಂದು ವಿಡಿಯೊದಲ್ಲಿ ಬೇಡಿಕೊಂಡರು. ಯುರೋಪಿನ ಕ್ಲಬ್ಬುಗಳ ಅಭಿಮಾನಿಗಳನ್ನೇ ಉದ್ದೇಶಿಸಿ ಹೇಳಿದ ಮಾತದು. ಎರಡು ದಿನದ ನಂತರ ಅವರ ನೂರನೇ ಅಂತರರಾಷ್ಟ್ರೀಯ ಪಂದ್ಯಕ್ಕೆ ಟಿಕೆಟ್ ಪೂರ್ತಿ ಖಾಲಿ. ಜನ ಬರಲಾರರು ಎನ್ನುವುದು ಸುಳ್ಳು. ಕರೆದರೆ ಬರುತ್ತಾರೆ. ಪ್ರತಿಸಲವೂ ನಾಯಕನೇ ಕರೆಯುವಂತಾಗಬಾರದು, ಅಷ್ಟೇ.

ಮಧ್ಯರಾತ್ರಿಯ ಮ್ಯಾಡ್ರಿಡ್ ಪಂದ್ಯವನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಒಳ್ಳೆಯ ಆಟ ಎಲ್ಲಿದ್ದರೂ ನೋಡಬೇಕು. ಆದರೆ ನಮ್ಮ ಟಿಕೆಟ್ಟಿನ ದುಡ್ಡು, ನಮ್ಮ ದನಿ ಆ ಕ್ಲಬ್ಬಿಗೆ ಬೇಕಾಗಿಲ್ಲ. ಇಲ್ಲಿನ ಕ್ಲಬ್ಬಿಗೆ ಬೇಕು. ಕಂಠೀರವದಲ್ಲಿ ಪಂದ್ಯವಿದ್ದರೆ ಹೋಗಿ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಸೂಪರ್ ಡಿವಿಷನ್ ಪಂದ್ಯಗಳು ಹಗಲಿನಲ್ಲೇ ನಡೆಯುತ್ತವೆ, ಅಲ್ಲಿಗೂ ಹೋಗಿ. 2023–24ರಲ್ಲಿ ಐ-ಲೀಗ್ 2 ಗೆದ್ದು ಮೇಲಕ್ಕೇರಿದ ಎಸ್‌ಸಿ ಬೆಂಗಳೂರು ಆಡಿ ಬೆಳೆದದ್ದು ಇದೇ ಊರಿನಲ್ಲಿ. ಕಿಕ್‌ಸ್ಟಾರ್ಟ್ ಹುಡುಗಿಯರ ಪಂದ್ಯಕ್ಕೆ ಮನೆಯ ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ಸಂತೋಷ್ ಟ್ರೋಫಿ ನಡೆಯುವಾಗ ಕರ್ನಾಟಕ ಏನು ಮಾಡಿತೆಂದು ಒಂದು ಸಲ ನೋಡಿ. ಭಾರತ ಸೋತಾಗ ಬೈಯಿರಿ, ಆದರೆ ಮುಂದಿನ ಪಂದ್ಯವನ್ನೂ ನೋಡಿ. ದೇಶದ ತಂಡ ಗೆಲ್ಲಬೇಕೆಂದು ಆಸೆಪಡುವವರು ಊರಿನ ತಂಡದ ಟಿಕೆಟ್ ಕೊಳ್ಳುವುದರಿಂದ ಶುರು ಮಾಡಬೇಕು.